ಅಪರಿಚಿತರ ನಡುವಿನ ಜಾಮೀನು: ಇಂಡೋ-ಜರ್ಮನ್ ಚೇಂಬರ್ ಮತ್ತು ನಮ್ಮ ಸಣ್ಣ ಉದ್ದಿಮೆ



ವ್ಯಾಪಾರದಿಂದ ಬಂದ ಹಣದಲ್ಲಿ ಒಂದು ಪಾಲನ್ನು ವ್ಯಾಪಾರದ ತಿಳಿವಳಿಕೆಗೇ ಮೀಸಲಿಟ್ಟು ಒಂದು ಕುಟುಂಬ ಸ್ಥಾಪಿಸಿದ ದತ್ತಿಯ ಉಪನ್ಯಾಸ ಇದು. ಆ ಉದ್ದೇಶಕ್ಕೆ ಒಪ್ಪುವ ವಿಷಯವನ್ನೇ ಆರಿಸಿಕೊಂಡಿದ್ದೇನೆ. ಎರಡು ದೇಶಗಳ ಉದ್ಯಮಿಗಳು ಕೂಡಿ ಕಟ್ಟಿಕೊಳ್ಳುವ ದ್ವಿಪಕ್ಷೀಯ ವಾಣಿಜ್ಯ ಸಂಸ್ಥೆ, ಅಂದರೆ ಬೈಲ್ಯಾಟರಲ್ ಚೇಂಬರ್, ಅಂತರರಾಷ್ಟ್ರೀಯ ವ್ಯಾಪಾರದಲ್ಲಿ ಯಾವ ಕೆಲಸ ಮಾಡುತ್ತದೆ, ಯಾರಿಗಾಗಿ ಮಾಡಬೇಕು ಎಂಬುದು ಇವತ್ತಿನ ಮಾತು. ಇಂಥ ಸಂಸ್ಥೆಗಳು ನಮ್ಮಲ್ಲಿ ಹಲವಿವೆ. ಇಂಡೋ-ಅಮೆರಿಕನ್ ಚೇಂಬರ್ 1968ರದು, ಇಂಡೋ-ಫ್ರೆಂಚ್ ಚೇಂಬರ್ 1977ರದು. ನಾನು ಹಿಡಿದುಕೊಳ್ಳುವುದು ಇವೆರಡಕ್ಕೂ ಹಿರಿಯದಾದ, 1956ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಇಂಡೋ-ಜರ್ಮನ್ ಚೇಂಬರ್ ಆಫ್ ಕಾಮರ್ಸನ್ನು. ಕರ್ನಾಟಕದ ಕೈಗಾರಿಕೆಗೂ ಕಾಫಿಗೂ ಜರ್ಮನಿಯ ಜೊತೆ ನಿಜವಾದ ನಂಟಿರುವುದರಿಂದ ಈ ಆಯ್ಕೆ.

ಸರ್ಕಾರಗಳು ಒಪ್ಪಂದಕ್ಕೆ ಸಹಿ ಹಾಕುತ್ತವೆ, ಸುಂಕದ ದರ ಗೊತ್ತುಮಾಡುತ್ತವೆ. ಆದರೆ ಸರಕು ಕಳಿಸುವವರು, ಹಣ ಕಾಯುವವರು ಉದ್ಯಮಿಗಳು. ಸಹಿಗೂ ಸರಕಿಗೂ ನಡುವೆ ದೊಡ್ಡ ಜಾಗವೊಂದು ಖಾಲಿ ಉಳಿಯುತ್ತದೆ. ಆ ಜಾಗದಲ್ಲಿ ಇರುವ ಪ್ರಶ್ನೆ ಒಂದೇ: ನಾನು ಕಂಡಿಲ್ಲದ, ನನ್ನ ಭಾಷೆಯಾಡದ, ನನ್ನ ಊರಿನ ಕೋರ್ಟಿಗೆ ಎಳೆಯಲಾಗದ ಮನುಷ್ಯನನ್ನು ಯಾವ ಧೈರ್ಯದ ಮೇಲೆ ನಂಬಲಿ?

ಈ ಪ್ರಶ್ನೆ ಕನ್ನಡ ನಾಡಿಗೆ ಹೊಸದಲ್ಲ. ಐಹೊಳೆಯ ಹೆಸರು ಹೊತ್ತ ಅಯ್ಯಾವೊಳೆ ಐನೂರ್ವರು ಎಂಬ ವರ್ತಕ ಸಂಘದ ಶಾಸನಗಳು ದಕ್ಷಿಣ ಭಾರತದಾದ್ಯಂತ ಸಿಕ್ಕಿವೆ. ಸುಮಾತ್ರಾ ದ್ವೀಪದ ಬಾರೂಸ್ ಬಳಿ ಸಿಕ್ಕ ಕ್ರಿ.ಶ. 1088ರ ತಮಿಳು ಶಾಸನದಲ್ಲೂ ಐನೂರ್ವರ ಹೆಸರಿದೆ. ಬೇರೆ ಬೇರೆ ಅರಸರ ಸೀಮೆಗಳನ್ನು ದಾಟಿ ವ್ಯಾಪಾರ ಮಾಡುವವನಿಗೆ ಒಬ್ಬ ಅರಸನ ಆಶ್ರಯ ಸಾಲದು. ಹೋದ ಕಡೆಯಲ್ಲೆಲ್ಲ ತನ್ನನ್ನು ಗುರುತಿಸುವ, ತನ್ನ ಪರವಾಗಿ ಮಾತಾಡುವ ಸಂಘ ಬೇಕು ಎಂಬ ಅರಿವು ಅವರಿಗಿತ್ತು. ಇಂದಿನ ಚೇಂಬರುಗಳು ಆ ಪರಂಪರೆಯ ನೇರ ವಾರಸುದಾರರೆಂದು ನಾನು ಹೇಳುತ್ತಿಲ್ಲ. ಇಂದಿನ ರೂಪದ ಚೇಂಬರಿನ ಮೂಲ ಯುರೋಪಿನಲ್ಲಿದೆ. ಫ್ರಾನ್ಸಿನ ಮಾರ್ಸೇಯಲ್ಲಿ 1599ರಲ್ಲಿ ಮೊದಲನೆಯದು ಕಾಣಿಸಿಕೊಂಡಿತು. ಹೊರದೇಶದಲ್ಲಿ ಜರ್ಮನರು ಮೊದಲ ಚೇಂಬರ್ ತೆರೆದದ್ದು 1894ರಲ್ಲಿ, ಬ್ರಸೆಲ್ಸ್‌ನಲ್ಲಿ.

ನಂಟು ಇದ್ದೂ ಅದನ್ನು ಕಾಯುವ ಸಂಸ್ಥೆ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಕರಾವಳಿಯಲ್ಲೇ ಸಾಕ್ಷ್ಯವಿದೆ. ಬಾಸೆಲ್ ಮಿಶನ್ 1834ರಲ್ಲಿ ಮಂಗಳೂರಿಗೆ ಬಂತು. ಸಂಸ್ಥೆ ಸ್ವಿಟ್ಜರ್ಲೆಂಡಿನದಾದರೂ ಬಂದ ಪಾದ್ರಿಗಳು, ಕುಶಲಕರ್ಮಿಗಳಲ್ಲಿ ಬಹುಪಾಲು ದಕ್ಷಿಣ ಜರ್ಮನಿಯವರು. ಕನ್ನಡ ನಿಘಂಟಿನ ಕಿಟ್ಟೆಲ್ ಅವರೂ ಅದೇ ಮಿಶನ್ನಿನವರೇ. ಅವರ ಜೊತೆಗಾರರಾಗಿದ್ದ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದರು. ನೇತ್ರಾವತಿಯ ಜೇಡಿಮಣ್ಣು, ಜರ್ಮನ್ ಯಂತ್ರಕೌಶಲ, ತುಳುನಾಡಿನ ಕೆಲಸಗಾರರು ಸೇರಿ ಮಂಗಳೂರು ಹೆಂಚು ಕಡಲಾಚೆಗೂ ಹೆಸರಾಯಿತು. ನೇಯ್ಗೆ ಕಾರ್ಖಾನೆ, ಮುದ್ರಣಾಲಯ, ವ್ಯಾಪಾರ ಕಂಪನಿ ಎಲ್ಲವೂ ಇದ್ದವು. 1914ರಲ್ಲಿ ಯುದ್ಧ ಶುರುವಾದಾಗ ಜರ್ಮನರು ಬ್ರಿಟಿಷ್ ಸರ್ಕಾರದ ಕಣ್ಣಿಗೆ ಶತ್ರುಗಳಾದರು. ಅನೇಕರನ್ನು ಬಂಧನದಲ್ಲಿಟ್ಟು, ಆಮೇಲೆ ತವರಿಗೆ ಸಾಗಿಸಲಾಯಿತು. ಹೆಂಚು, ನೇಯ್ಗೆಯ ಕಾರ್ಖಾನೆಗಳು ಯುದ್ಧದ ನಂತರ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಕಂಪನಿಯ ಕೈಸೇರಿದವು. ಮಹಾಯುದ್ಧವನ್ನು ಯಾವ ಚೇಂಬರೂ ತಡೆಯಲಾರದು, ನಿಜ. ಆದರೆ ಎಂಟು ದಶಕಗಳ ಒಡನಾಟ ಕೆಲವೇ ವರ್ಷಗಳಲ್ಲಿ ಹೀಗೆ ಕರಗಿಹೋಗಲು ಇನ್ನೊಂದು ಕಾರಣವೂ ಉಂಟು. ಆ ಸಂಬಂಧವೆಲ್ಲ ಒಂದೇ ಸಂಸ್ಥೆಯ ಒಳಗಿತ್ತು. ಎರಡೂ ಕಡೆಯ ವರ್ತಕರು ಸಮಾನರಾಗಿ ಕೂತು ತಮ್ಮದೆನ್ನುವ ವೇದಿಕೆ ಇರಲಿಲ್ಲ.

ಆ ವೇದಿಕೆ ಬಂದದ್ದು ಸ್ವಾತಂತ್ರ್ಯದ ನಂತರ. ಭಾರತ ಮತ್ತು ಪಶ್ಚಿಮ ಜರ್ಮನಿಯ ನಡುವೆ ರಾಜತಾಂತ್ರಿಕ ಸಂಬಂಧ ಆರಂಭವಾದದ್ದು 1951ರಲ್ಲಿ. ರೂರ್ಕೆಲಾದ ಉಕ್ಕಿನ ಕಾರ್ಖಾನೆಗೆ ಕ್ರುಪ್ ಮತ್ತು ಡೆಮಾಗ್ ಕಂಪನಿಗಳ ನೆರವು ಗೊತ್ತಾದದ್ದೂ ಆ ದಶಕದಲ್ಲೇ. 1956ರಲ್ಲಿ ನೆಹರೂ ಜರ್ಮನಿಗೆ ಭೇಟಿಕೊಟ್ಟರು. ಮದರಾಸಿನ ಐಐಟಿಗೆ ಬೀಜ ಬಿದ್ದದ್ದು ಆ ಭೇಟಿಯಲ್ಲಿ. ಅದೇ ವರ್ಷ ಚೇಂಬರ್ ಶುರುವಾಯಿತು. ಇಂದು ಮುಂಬಯಿಯಲ್ಲಿ ಪ್ರಧಾನ ಕಚೇರಿ, ದೆಹಲಿ, ಕೋಲ್ಕತಾ, ಚೆನ್ನೈ, ಬೆಂಗಳೂರು, ಪುಣೆಗಳಲ್ಲಿ ಶಾಖೆ, ಜರ್ಮನಿಯ ಡ್ಯೂಸೆಲ್‌ಡಾರ್ಫಿನಲ್ಲಿ ಸಂಪರ್ಕ ಕಚೇರಿ ಇದೆ. ಸದಸ್ಯರು ನಾಲ್ಕು ಸಾವಿರಕ್ಕೂ ಹೆಚ್ಚು. ಜರ್ಮನಿ ಹೊರದೇಶಗಳಲ್ಲಿ ನಡೆಸುವ ಚೇಂಬರುಗಳಲ್ಲಿ ಸದಸ್ಯಬಲದ ಲೆಕ್ಕದಲ್ಲಿ ಇದು ಅತಿ ದೊಡ್ಡವುಗಳ ಸಾಲಿಗೆ ಸೇರಿದೆ.

ಇಲ್ಲಿ ಒಂದು ಸಂಗತಿ ಗಮನಿಸಬೇಕು. ಬಾಷ್ ಕಂಪನಿ ಕೋಲ್ಕತಾದಲ್ಲಿ ಮಾರಾಟ ಆರಂಭಿಸಿದ್ದು 1922ರಲ್ಲಿ. ಬೆಂಗಳೂರಿಗರ ಬಾಯಲ್ಲಿ ಇಂದಿಗೂ ಮೈಕೋ ಆಗಿಯೇ ಉಳಿದಿರುವ ಅದರ ಭಾರತೀಯ ಕಂಪನಿ ಸ್ಥಾಪನೆಯಾದದ್ದು 1951ರಲ್ಲಿ, ಚೇಂಬರ್ ಹುಟ್ಟುವುದಕ್ಕೆ ಐದು ವರ್ಷ ಮೊದಲು. ಅದರ ಆಡುಗೋಡಿಯ ಕಾರ್ಖಾನೆ ಯಾವ ಚೇಂಬರಿನ ಪರಿಚಯ ಪತ್ರವನ್ನೂ ಕಾಯಲಿಲ್ಲ. ದೊಡ್ಡ ಕಂಪನಿಗೆ ತನ್ನದೇ ವಕೀಲರು, ತನ್ನದೇ ಬ್ಯಾಂಕು, ಮಂತ್ರಿಗಳ ಮನೆಯ ಬಾಗಿಲು ಎಲ್ಲವೂ ಇರುತ್ತವೆ. ಹಾಗಾದರೆ ಚೇಂಬರ್ ಬೇಕಾಗುವುದು ಯಾರಿಗೆ?

ಪೀಣ್ಯದ ಒಂದು ಸಣ್ಣ ಘಟಕವನ್ನು ಕಲ್ಪಿಸಿಕೊಳ್ಳಿ. ನಾಲ್ಕು ಸಿಎನ್‌ಸಿ ಯಂತ್ರ, ಹದಿನೈದು ಕೆಲಸಗಾರರು, ಮಾಲೀಕರು ಡಿಪ್ಲೊಮಾ ಓದಿ ದೊಡ್ಡ ಕಾರ್ಖಾನೆಯಲ್ಲಿ ದುಡಿದು ಆಮೇಲೆ ಸ್ವಂತಕ್ಕೆ ಇಳಿದವರು. ವಾಲ್ವಿನ ಬಿಡಿಭಾಗಗಳನ್ನು ಮೈಕ್ರಾನ್ ಲೆಕ್ಕದಲ್ಲಿ ಕೊರೆಯಬಲ್ಲರು. ಸ್ಟುಟ್‌ಗಾರ್ಟ್ ಸೀಮೆಯ ಕುಟುಂಬ ಕಂಪನಿಯೊಂದು ಇಂಥದೇ ಭಾಗಕ್ಕಾಗಿ ಹುಡುಕುತ್ತಿದೆ. ಇಬ್ಬರಿಗೂ ಲಾಭವಿರುವ ವ್ಯವಹಾರ. ಆದರೂ ಹತ್ತರಲ್ಲಿ ಒಂಬತ್ತು ಸಲ ಇದು ನಡೆಯುವುದಿಲ್ಲ ಎನ್ನುವುದು ನನ್ನ ಅಂದಾಜು. ಯಾಕೆಂದರೆ ಒಬ್ಬರಿಗೊಬ್ಬರು ಕಾಣಿಸುವುದೇ ಇಲ್ಲ.

ಜರ್ಮನಿಯ ಕಂಪನಿಯ ವಿವರ ಅಲ್ಲಿನ ನ್ಯಾಯಾಲಯಗಳು ಇಟ್ಟುಕೊಳ್ಳುವ ವಾಣಿಜ್ಯ ದಾಖಲೆಯಲ್ಲಿ ಯಾರಿಗೂ ಸಿಗುತ್ತದೆ. ನಮ್ಮಲ್ಲಿ ಪ್ರೈವೇಟ್ ಲಿಮಿಟೆಡ್ ಕಂಪನಿಯಾದರೆ ಕೇಂದ್ರ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಲೆಕ್ಕಪತ್ರ ನೋಡಬಹುದು. ಆದರೆ ಪೀಣ್ಯದ ನಮ್ಮ ಮಾಲೀಕರದು ಪ್ರೊಪ್ರೈಟರ್‌ಶಿಪ್. ಅವರ ಬಳಿ ಉದ್ಯಮ್ ನೋಂದಣಿ ಇದೆ, ಜಿಎಸ್‌ಟಿ ಸಂಖ್ಯೆ ಇದೆ, ರಫ್ತಿಗೆ ಬೇಕಾದ ಐಇಸಿ ಸಂಖ್ಯೆಯೂ ಇರಬಹುದು. ಜರ್ಮನಿಯ ಖರೀದಿ ಅಧಿಕಾರಿಗೆ ಈ ಮೂರರ ಅರ್ಥವೂ ಗೊತ್ತಿಲ್ಲ. ಆತನಿಗೆ ಬೇಕಾದದ್ದು ಸರಳ: ಈ ಘಟಕ ನಿಜವಾಗಿ ಇದೆಯೇ, ಹೇಳಿದ ಯಂತ್ರಗಳು ಅಲ್ಲಿವೆಯೇ, ಸ್ಯಾಂಪಲ್ಲಿನಲ್ಲಿ ಕಂಡ ಗುಣಮಟ್ಟ ಐದು ಸಾವಿರ ಪೀಸಿನಲ್ಲೂ ಇರುತ್ತದೆಯೇ? ಯಾರಾದರೂ ಹೋಗಿ ನೋಡಿ, ಎರಡೂ ಭಾಷೆ ಬಲ್ಲವರಾಗಿ, ಯಾವ ಕಡೆಯ ಕಮಿಷನ್ನೂ ಇಲ್ಲದೆ ಹೇಳಬೇಕು. ಚೇಂಬರಿನ ಮೊದಲ ಕೆಲಸ ಇದು. ಪಾಲುದಾರರನ್ನು ಹುಡುಕಿಕೊಡುವುದು, ವಿಳಾಸ ಮತ್ತು ಸಾಲಯೋಗ್ಯತೆ ಪರಿಶೀಲಿಸುವುದು, ಭೇಟಿ ಏರ್ಪಡಿಸುವುದು. ನಿಯೋಗ, ಔತಣಕೂಟ, ಮಂತ್ರಿಗಳ ಭಾಷಣದ ಫೋಟೊಗಳು ಪತ್ರಿಕೆಯಲ್ಲಿ ಬರುತ್ತವೆ; ಈ ಪರಿಶೀಲನೆಯ ಕೆಲಸ ಬರುವುದಿಲ್ಲ. ಚೇಂಬರಿನ ಜೀವ ಇರುವುದು ಇದರಲ್ಲಿ.

ಎರಡನೆಯದು ಹಣದ ಮಾತು. ಸರಕು ಹೋಯಿತು, ಹಣ ಬರಲಿಲ್ಲ, ಅಥವಾ ಹಣ ಹೋಯಿತು, ಬಂದ ಸರಕು ಡ್ರಾಯಿಂಗಿಗೆ ಹೊಂದಲಿಲ್ಲ. ಏನು ಮಾಡಬೇಕು? ವಾಣಿಜ್ಯದ ವಿದ್ಯಾರ್ಥಿಗಳು ಇದನ್ನು ಚೆನ್ನಾಗಿ ತಿಳಿದಿರಬೇಕು. ನಮ್ಮ ಸಿವಿಲ್ ಪ್ರಕ್ರಿಯಾ ಸಂಹಿತೆಯ 44ಎ ಕಲಮಿನ ಪ್ರಕಾರ ಕೆಲವು ದೇಶಗಳ ಕೋರ್ಟು ಕೊಟ್ಟ ಡಿಕ್ರಿಯನ್ನು ಭಾರತದಲ್ಲಿ ನೇರವಾಗಿ ಜಾರಿಮಾಡಿಸಬಹುದು. ಬ್ರಿಟನ್, ಸಿಂಗಪುರಗಳು ಆ ಪಟ್ಟಿಯಲ್ಲಿವೆ, ಜರ್ಮನಿ ಇಲ್ಲ. ಜರ್ಮನ್ ಕಂಪನಿ ತನ್ನ ಊರಲ್ಲಿ ದಾವೆ ಗೆದ್ದರೂ ಇಲ್ಲಿ ಬಂದು ಹೊಸದಾಗಿ ದಾವೆ ಹೂಡಬೇಕು. ಆದರೆ ಮಧ್ಯಸ್ಥಿಕೆಯ, ಅಂದರೆ ಆರ್ಬಿಟ್ರೇಷನ್ನಿನ, ತೀರ್ಪಿನ ಕತೆ ಬೇರೆ. 1958ರ ನ್ಯೂಯಾರ್ಕ್ ಒಡಂಬಡಿಕೆಗೆ ಎರಡೂ ದೇಶಗಳು ಸೇರಿರುವುದರಿಂದ ಒಂದು ಕಡೆಯ ತೀರ್ಪು ಇನ್ನೊಂದು ಕಡೆ ಜಾರಿಯಾಗುತ್ತದೆ. ಕರಾರಿನಲ್ಲಿ ಒಂದೇ ಒಂದು ಕಲಮು ಇತ್ತೋ ಇಲ್ಲವೋ ಎಂಬುದರ ಮೇಲೆ ಹಲವು ವರ್ಷಗಳ ಓಡಾಟ ನಿಂತಿರುತ್ತದೆ. ಆ ಕಲಮನ್ನು ಬರೆಸುವ ಬುದ್ಧಿವಾದ ಹೇಳುವವರು ಸಣ್ಣ ಘಟಕದ ಹತ್ತಿರ ಯಾರಿದ್ದಾರೆ?

ಇನ್ನು ವಿವಾದದ ಮೊತ್ತವೇ ವಕೀಲರ ಫೀಸಿಗಿಂತ ಕಡಿಮೆಯಿದ್ದರೆ ಕೋರ್ಟೂ ಇಲ್ಲ, ಆರ್ಬಿಟ್ರೇಷನ್ನೂ ಇಲ್ಲ. ನಾಲ್ಕು ಲಕ್ಷ ರೂಪಾಯಿ ದೊಡ್ಡ ಕಂಪನಿಯ ಪುಸ್ತಕದಲ್ಲಿ ಕಾಣಿಸದ ಮೊತ್ತ. ಪೀಣ್ಯದ ಘಟಕಕ್ಕೆ ಎರಡು ತಿಂಗಳ ಸಂಬಳ. ಇಂಥ ಕಡೆ ಚೇಂಬರಿನ ಒಂದು ಪತ್ರ, ಒಂದು ಫೋನು ಮಾಡುವ ಕೆಲಸವನ್ನು ಇನ್ನಾರೂ ಮಾಡಲಾರರು. ಪತ್ರಕ್ಕೆ ಕಾನೂನಿನ ಬಲವಿಲ್ಲ. ಆದರೂ ಅದಕ್ಕೆ ಉತ್ತರ ಬರುತ್ತದೆ, ಯಾಕೆಂದರೆ ತನ್ನ ವ್ಯಾಪಾರ ವಲಯದಲ್ಲಿ ಹೆಸರು ಕೆಡುವುದು ಯಾವ ವರ್ತಕನಿಗೂ ಬೇಕಿಲ್ಲ. ಈ ನೈತಿಕ ಬಲಕ್ಕೆ ಒಂದು ಷರತ್ತಿದೆ: ಚೇಂಬರ್ ಎರಡೂ ಕಡೆಗೆ ನಿಷ್ಪಕ್ಷಪಾತವಾಗಿರಬೇಕು. ತನ್ನ ಸದಸ್ಯನ ತಪ್ಪಿದ್ದರೆ ಸದಸ್ಯನಿಗೇ ಹೇಳುವ ಎದೆಗಾರಿಕೆ ಬೇಕು. ಅಂಥ ಒಂದು ನಿಷ್ಠುರ ಮಾತು ಆಡಲಾರದ ಚೇಂಬರಿನ ಪ್ರಮಾಣಪತ್ರಕ್ಕೆ ಬೆಲೆ ಉಳಿಯುವುದಿಲ್ಲ.

ಮೂರನೆಯ ಕೆಲಸ ಈಚೆಗೆ ಎಲ್ಲಕ್ಕಿಂತ ಮುಖ್ಯವಾಗುತ್ತಿದೆ: ನಿಯಮಗಳನ್ನು ಅರ್ಥಮಾಡಿಸುವುದು. ಯುರೋಪಿಗೆ ಸರಕು ಕಳಿಸುವವರಿಗೆ ಈಗ ಸುಂಕಕ್ಕಿಂತ ನಿಯಮದ ಭಾರವೇ ಹೆಚ್ಚು. ಆಮದಾಗುವ ಸರಕಿನ ತಯಾರಿಕೆಯಲ್ಲಿ ಹೊರಬಿದ್ದ ಇಂಗಾಲಕ್ಕೆ ಯುರೋಪಿಯನ್ ಒಕ್ಕೂಟ ಹಾಕುವ ಗಡಿ ತೆರಿಗೆಯನ್ನೇ ನೋಡಿ. ಸಿಬ್ಯಾಮ್ ಎಂದು ಕರೆಯುವ ಈ ವ್ಯವಸ್ಥೆ 2023ರ ಅಕ್ಟೋಬರಿನಿಂದ ವರದಿ ಕೊಡುವ ಹಂತದಲ್ಲಿತ್ತು, 2026ರ ಜನವರಿಯಿಂದ ಪೂರ್ತಿ ಜಾರಿಗೆ ಬಂದಿದೆ. ಕಬ್ಬಿಣ, ಉಕ್ಕು, ಅಲ್ಯೂಮಿನಿಯಮ್ ಮಾತ್ರವಲ್ಲ, ಉಕ್ಕಿನ ಬೋಲ್ಟು ನಟ್ಟುಗಳೂ ಇದರೊಳಗೆ ಬರುತ್ತವೆ. ಲೆಕ್ಕ ಒಪ್ಪಿಸಬೇಕಾದವನು ಯುರೋಪಿನ ಆಮದುದಾರ, ಆದರೆ ಆತ ಅಂಕಿಅಂಶ ಕೇಳುವುದು ನಮ್ಮ ಘಟಕದವರನ್ನೇ. ಬೋಲ್ಟಿನ ಉಕ್ಕು ಯಾವ ಕುಲುಮೆಯದು, ಟನ್ನಿಗೆ ಎಷ್ಟು ಇಂಗಾಲ ಎಂದು ಉದ್ದನೆಯ ಎಕ್ಸೆಲ್ ಹಾಳೆ ಬಂದರೆ ಮಾಲೀಕರು ಹೆದರಿ ಆರ್ಡರನ್ನೇ ಕೈಬಿಡುವ ಸಂಭವವಿದೆ. ವರ್ಷಕ್ಕೆ 50 ಟನ್‌ಗಿಂತ ಕಡಿಮೆ ಇಂಥ ಸರಕು ತರಿಸುವ ಆಮದುದಾರನಿಗೆ ವಿನಾಯಿತಿ ಕೊಟ್ಟು 2025ರಲ್ಲಿ ನಿಯಮ ಸಡಿಲಿಸಲಾಗಿದೆ. ಇದು ಗೊತ್ತಿದ್ದವರು ಒಂದು ಮಾತು ಹೇಳಿದರೆ ಉಳಿಯುವ ಆರ್ಡರು, ಗೊತ್ತಿಲ್ಲದ ಕಾರಣಕ್ಕೆ ಕೈತಪ್ಪುತ್ತದೆ.

ಕಾಫಿಯ ವಿಷಯ ಇನ್ನೂ ಸೂಕ್ಷ್ಮ. ಭಾರತದ ಕಾಫಿಯಲ್ಲಿ ಸುಮಾರು ಶೇ. 70ರಷ್ಟು ಕರ್ನಾಟಕದ್ದು, ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳದು. ಅದರಲ್ಲಿ ಹೆಚ್ಚಿನ ಪಾಲು ರಫ್ತಾಗುತ್ತದೆ, ಇಟಲಿ, ಜರ್ಮನಿಗಳು ದೊಡ್ಡ ಗಿರಾಕಿಗಳು. ಅರಣ್ಯನಾಶ ತಡೆಯಲು ಯುರೋಪಿಯನ್ ಒಕ್ಕೂಟ 2023ರಲ್ಲಿ ಮಾಡಿದ ನಿಯಮ ಹೀಗೆ ಹೇಳುತ್ತದೆ: 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿಗೆ ಅಲ್ಲಿ ಪ್ರವೇಶವಿಲ್ಲ, ಪ್ರತಿ ತೋಟದ ಅಕ್ಷಾಂಶ ರೇಖಾಂಶದ ದಾಖಲೆ ಬೇಕು. ಜಾರಿಯ ದಿನಾಂಕವನ್ನು ಎರಡು ಬಾರಿ ಮುಂದೂಡಲಾಗಿದೆ. ಕಾಡು ಉಳಿಯಬೇಕೆಂಬ ಆಶಯವನ್ನು ನಾನು ಮನಸಾರೆ ಒಪ್ಪುತ್ತೇನೆ. ಆದರೆ ನಮ್ಮ ಕಾಫಿ ಬೆಳೆಯುವುದೇ ಮರದ ನೆರಳಿನಲ್ಲಿ. ಮೇಲಿನಿಂದ ನೋಡುವ ಉಪಗ್ರಹಕ್ಕೆ ನೆರಳಿನ ತೋಟವೂ ಕಾಡಿನಂತೆಯೇ ಕಾಣುವ ಸಾಧ್ಯತೆ ಇದೆ. ಬೆಳೆಗಾರ ನೆರಳು ತೆಳುಮಾಡಲು ಸಿಲ್ವರ್ ಓಕ್ ಮರಗಳನ್ನು ಕಡಿದರೆ ಅದನ್ನು ಅರಣ್ಯನಾಶವೆಂದು ತಪ್ಪಾಗಿ ಓದಬಹುದು. ಕೃಷಿಗೆ ಬಳಸುವ ಭೂಮಿಯನ್ನು ಕಾಡೆಂದು ಎಣಿಸಬಾರದೆಂದು ನಿಯಮದಲ್ಲೇ ಇದೆ. ನಮ್ಮ ಹಿಡುವಳಿಗಳಲ್ಲಿ ಬಹುತೇಕ ಎಲ್ಲವೂ ಹತ್ತು ಹೆಕ್ಟೇರಿಗಿಂತ ಚಿಕ್ಕವು. ಮೂರೆಕರೆಯ ಬೆಳೆಗಾರ್ತಿ ಹ್ಯಾಂಬರ್ಗಿನ ಖರೀದಿದಾರನಿಗೆ ತನ್ನ ನೆರಳಿನ ತೋಟ ಕಾಡಲ್ಲ, ಕೃಷಿಭೂಮಿ ಎಂಬುದನ್ನು ಹೇಗೆ ಮನವರಿಕೆ ಮಾಡಿಕೊಟ್ಟಾಳು? ಕಾಫಿ ಮಂಡಳಿ ಈ ಕಡೆಯಿಂದ ತೋಟಗಳ ನೋಂದಣಿ ನಡೆಸುತ್ತಿದೆ. ಆ ಕಡೆಯ ಹುರಿಯುವ ಕಂಪನಿಗಳನ್ನು, ಅಧಿಕಾರಿಗಳನ್ನು ಕರೆತಂದು ಸಕಲೇಶಪುರದ ತೋಟದೊಳಗೆ ನಡೆಸಿ ತೋರಿಸುವ ಕೆಲಸ ದ್ವಿಪಕ್ಷೀಯ ಚೇಂಬರಿಗೆ ಒಪ್ಪುತ್ತದೆ. ಅಲ್ಲಿನವರಿಗೆ ಅದು ಪರಕೀಯರ ಸಮರ್ಥನೆಯಾಗಿ ಕೇಳಿಸುವುದಿಲ್ಲ.

ಸರ್ಕಾರಗಳ ಮುಂದೆ ಉದ್ಯಮದ ಅಹವಾಲು ಇಡುವುದೂ ಚೇಂಬರಿನ ಕರ್ತವ್ಯ. ಭಾರತ ಮತ್ತು ಯುರೋಪಿಯನ್ ಒಕ್ಕೂಟದ ಮುಕ್ತ ವ್ಯಾಪಾರದ ಮಾತುಕತೆ 2007ರಲ್ಲಿ ಶುರುವಾಗಿ, 2013ರಲ್ಲಿ ನಿಂತು, 2022ರಲ್ಲಿ ಮತ್ತೆ ಆರಂಭವಾಯಿತು. ಮಾತುಕತೆ ನಿಂತ ಆ ಒಂಬತ್ತು ವರ್ಷವೂ ವ್ಯಾಪಾರ ನಿಲ್ಲಲಿಲ್ಲ. ಭಾರತ–ಜರ್ಮನಿ ವ್ಯಾಪಾರ ಈಗ ವರ್ಷಕ್ಕೆ 3,000 ಕೋಟಿ ಡಾಲರಿನ ಆಸುಪಾಸಿನಲ್ಲಿದೆ, ನಾವು ಕೊಳ್ಳುವುದು ಮಾರುವುದಕ್ಕಿಂತ ಹೆಚ್ಚು. ಸರ್ಕಾರಗಳು ಮೌನವಾಗಿದ್ದಾಗ ಎರಡೂ ಕಡೆಯವರನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಂಡು ಬಂದದ್ದರಲ್ಲಿ ಇಂಥ ಸಂಸ್ಥೆಗಳ ಪಾಲೂ ಇದೆ. ತರಬೇತಿಯ ವಿಷಯದಲ್ಲೂ ಚೇಂಬರ್ ಒಳ್ಳೆಯ ಕೆಲಸ ಮಾಡಿದೆ. ಅದು 1991ರಲ್ಲಿ ಆರಂಭಿಸಿದ ಇಂಡೋ-ಜರ್ಮನ್ ಟ್ರೈನಿಂಗ್ ಸೆಂಟರಿನಲ್ಲಿ ವಿದ್ಯಾರ್ಥಿ ಕೆಲಕಾಲ ತರಗತಿಯಲ್ಲಿ, ಕೆಲಕಾಲ ಕಂಪನಿಯಲ್ಲಿ ಕಲಿಯುತ್ತಾನೆ. ಜರ್ಮನಿಯ ಜೋಡಿ ಶಿಕ್ಷಣ ಪದ್ಧತಿ ಇದು, ನಮ್ಮ ಬಿ.ಕಾಂ. ಪಠ್ಯಕ್ರಮ ರಚಿಸುವವರು ಒಮ್ಮೆ ಹೋಗಿ ನೋಡಬೇಕೆಂದು ನನಗೆ ತುಂಬ ಆಸೆ.

ಈಗ ನನ್ನ ಮುಖ್ಯ ಆಕ್ಷೇಪಕ್ಕೆ ಬರುತ್ತೇನೆ. ಅದು ಚೇಂಬರಿನ ಮೇಲಿರುವುದಕ್ಕಿಂತ ಹೆಚ್ಚಾಗಿ ನಮ್ಮ ಮೇಲೆಯೇ ಇದೆ.

ಜರ್ಮನಿಯೊಳಗೆ 79 ಪ್ರಾದೇಶಿಕ ವಾಣಿಜ್ಯ ಸಂಸ್ಥೆಗಳಿವೆ. 1956ರ ಡಿಸೆಂಬರಿನ ಕಾನೂನಿನ ಪ್ರಕಾರ, ಕುಶಲಕರ್ಮಿಗಳು ಮುಂತಾದ ಕೆಲವರನ್ನು ಬಿಟ್ಟರೆ, ಪ್ರತಿ ಉದ್ಯಮವೂ ತನ್ನ ಸೀಮೆಯ ಸಂಸ್ಥೆಯ ಸದಸ್ಯತ್ವ ಪಡೆಯಲೇಬೇಕು. ಹೊರದೇಶದ ಚೇಂಬರುಗಳ ಜಾಲ ಇವಕ್ಕೆ ಜೋಡಣೆಯಾಗಿದೆ. ತೊಂಬತ್ತಕ್ಕೂ ಹೆಚ್ಚು ದೇಶಗಳಲ್ಲಿ ಅವುಗಳ ಕಚೇರಿಗಳಿವೆ. ಅವಕ್ಕೆ ಸದಸ್ಯತ್ವದ ಹಣ, ಸೇವೆಯ ಶುಲ್ಕದ ಜೊತೆಗೆ ಜರ್ಮನ್ ಸರ್ಕಾರದ ನೆರವೂ ಸಿಗುತ್ತದೆ. ಹೀಗಾಗಿ ಬವೇರಿಯಾದ ಸಣ್ಣ ಪಟ್ಟಣದ ಕಾರ್ಖಾನೆಯವನು ತನ್ನೂರಿನ ಕಚೇರಿಯಲ್ಲಿ, ತನ್ನ ಭಾಷೆಯಲ್ಲಿ, ಬೆಂಗಳೂರಿನ ಬಗ್ಗೆ ಕೇಳಿದ ಪ್ರಶ್ನೆ ಬೆಂಗಳೂರಿನವರೆಗೂ ಬರುತ್ತದೆ. ಹೊಲದ ಕೊನೆಯ ಸಾಲಿಗೂ ನೀರು ಹಾಯುವಂತೆ ತೋಡಿದ ಕಾಲುವೆ ಅದು.

ನಮ್ಮ ಕಡೆ ಆ ಕೊನೆಯ ಸಾಲು ಒಣಗಿದೆ. ಸಂಸ್ಥೆಗಳಿಗೆ ಕೊರತೆಯಿಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1916ರಲ್ಲಿ, ಅವರ ಪ್ರೇರಣೆಯಿಂದ ಹುಟ್ಟಿದ ಮೈಸೂರು ವಾಣಿಜ್ಯ ಸಂಸ್ಥೆ ಇಂದು ಕರ್ನಾಟಕ ವಾಣಿಜ್ಯ ಮತ್ತು ಕೈಗಾರಿಕಾ ಮಹಾಸಂಸ್ಥೆ, ಅಂದರೆ ಎಫ್‌ಕೆಸಿಸಿಐ, ಆಗಿದೆ. ಹುಬ್ಬಳ್ಳಿ, ಮಂಗಳೂರು, ಬೆಳಗಾವಿಗಳಲ್ಲಿ ಹಳೆಯ ಚೇಂಬರುಗಳಿವೆ. ಪೀಣ್ಯಕ್ಕೆ ತನ್ನದೇ ಕೈಗಾರಿಕಾ ಸಂಘವಿದೆ. ಬವೇರಿಯಾ ರಾಜ್ಯಕ್ಕೆ ಬೆಂಗಳೂರಿನಲ್ಲಿ ಪ್ರತಿನಿಧಿ ಕಚೇರಿ ಇದೆ, ಕರ್ನಾಟಕದ ಜೊತೆ ಸಹಭಾಗಿತ್ವವೂ ಇದೆ. ಆದರೆ ಬೆಳಗಾವಿಯ ಫೌಂಡ್ರಿಯವರು ಜರ್ಮನಿಯ ಬಗ್ಗೆ ಕೇಳಿದ ಪ್ರಶ್ನೆ ಬೆಳಗಾವಿಯ ಚೇಂಬರಿನಿಂದ ಇಂಡೋ-ಜರ್ಮನ್ ಚೇಂಬರಿಗೆ, ಅಲ್ಲಿಂದ ಜರ್ಮನಿಯ ಪ್ರಾದೇಶಿಕ ಸಂಸ್ಥೆಗೆ ತಲುಪುವ ನಿಶ್ಚಿತ ದಾರಿಯನ್ನು ನಾವು ಹಾಕಿಕೊಂಡಿಲ್ಲ. ಮಾಲೀಕರು ಬೆಂಗಳೂರಿಗೆ ಬಂದು, ಇಂಗ್ಲಿಷಿನಲ್ಲಿ ಅರ್ಜಿ ಬರೆದು, ಶುಲ್ಕ ಕಟ್ಟಿ ತಾವೇ ದಾರಿ ಹುಡುಕಬೇಕು. ಅಷ್ಟು ಶಕ್ತಿ ಇದ್ದವರಿಗೆ ಚೇಂಬರಿನ ಅಗತ್ಯ ಅಷ್ಟಾಗಿ ಇರುವುದಿಲ್ಲ.

ಸ್ವಯಂಪ್ರೇರಿತ ಸದಸ್ಯತ್ವದಿಂದ ನಡೆಯುವ ಸಂಸ್ಥೆಗೆ ದೊಡ್ಡ ಸದಸ್ಯರ ಮುಲಾಜು ಇದ್ದೇ ಇರುತ್ತದೆ. ಹಾಗೆಂದು ಸದಸ್ಯತ್ವ ಕಡ್ಡಾಯವಾಗಲಿ ಎಂದು ನಾನು ಕೇಳುವುದಿಲ್ಲ, ನಮ್ಮ ಸ್ಥಿತಿಗೆ ಅದು ಹೊಂದದು. ಮೂರು ಕೆಲಸಗಳನ್ನಂತೂ ಈಗಲೇ ಮಾಡಬಹುದು. ರಾಜ್ಯದ ಕೈಗಾರಿಕಾ ಇಲಾಖೆ ಅತಿಸಣ್ಣ, ಸಣ್ಣ ಘಟಕಗಳ ಪರವಾಗಿ ಮೊದಲೆರಡು ವರ್ಷದ ಸದಸ್ಯತ್ವ ಶುಲ್ಕ ಭರಿಸಲಿ. ಹೂಡಿಕೆದಾರರ ಸಮಾವೇಶಕ್ಕೆ ಆಗುವ ಖರ್ಚಿನ ಮುಂದೆ ಆ ಮೊತ್ತ ಚಿಕ್ಕದು. ಜಿಲ್ಲಾ ಚೇಂಬರುಗಳು ದ್ವಿಪಕ್ಷೀಯ ಚೇಂಬರುಗಳ ಜೊತೆ ಒಪ್ಪಂದ ಮಾಡಿಕೊಂಡು ಹುಬ್ಬಳ್ಳಿ, ಬೆಳಗಾವಿ, ಮಂಗಳೂರು, ಶಿವಮೊಗ್ಗಗಳಲ್ಲಿ ತಿಂಗಳಿಗೊಂದು ದಿನವಾದರೂ ವಿಚಾರಣಾ ಮೇಜು ತೆರೆಯಲಿ. ಸಿಬ್ಯಾಮ್, ಅರಣ್ಯನಾಶ ನಿಯಮ, ಕರಾರಿನ ಮಧ್ಯಸ್ಥಿಕೆ ಕಲಮು ಇವುಗಳ ಬಗ್ಗೆ ಕನ್ನಡದಲ್ಲಿ ಸರಳ ಕೈಪಿಡಿಗಳು ಬರಲಿ.

ಈ ಕೊನೆಯ ಕೆಲಸಕ್ಕೆ ಸರ್ಕಾರವನ್ನು ಕಾಯಬೇಕಿಲ್ಲ. ಈ ಸಭಾಂಗಣದಲ್ಲಿ ಕುಳಿತಿರುವ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ನಿಯಮ ಓದುವ ಇಂಗ್ಲಿಷ್ ಗೊತ್ತು, ಮಾಲೀಕರ ಜೊತೆ ಮಾತಾಡುವ ಕನ್ನಡವೂ ಗೊತ್ತು. ಪ್ರತಿ ವರ್ಷ ಅದೇ ಹಳೆಯ ವಿಷಯಗಳ ಮೇಲೆ ಪ್ರಾಜೆಕ್ಟ್ ವರದಿ ಬರೆಯುವ ಬದಲು ಒಬ್ಬೊಬ್ಬರು ಒಂದೊಂದು ಘಟಕವನ್ನು, ಒಂದೊಂದು ಕಾಫಿ ತೋಟವನ್ನು ಆರಿಸಿಕೊಂಡು, ಅದಕ್ಕೆ ತಗಲುವ ಹೊರದೇಶದ ನಿಯಮವನ್ನು ಕನ್ನಡದಲ್ಲಿ ಬಿಡಿಸಿ ಬರೆದುಕೊಡಿ. ಅಧ್ಯಾಪಕರು ಅದನ್ನು ಈ ವರ್ಷದ ಪ್ರಾಜೆಕ್ಟ್ ಪಟ್ಟಿಗೆ ಸೇರಿಸಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ.